ಪಿಯಾನೋ ಹಿಂದಿನ ಕೆಂಡ

ಸುಂಟಿಕೊಪ್ಪದಲ್ಲಿ ನನ್ನದೊಂದು ಅಂಗಡಿ ಇದೆ. ಕಳೆ ಕತ್ತರಿಸುವ ಮೆಷಿನ್ನು, ಔಷಧಿ ಹೊಡೆಯುವ ಪಂಪು, ಇಂಥವನ್ನೆಲ್ಲ ರಿಪೇರಿ ಮಾಡುತ್ತೇನೆ. ಅದು ಹೊಟ್ಟೆಪಾಡು. ಏನು ಮಾಡಿಕೊಂಡಿದ್ದೀರಿ ಎಂದು ಯಾರಾದರೂ ಕೇಳಿದರೆ ಮಾತ್ರ ನಾನು ಡ್ರಮ್ಮರ್ ಎಂದೇ ಹೇಳುವುದು. ಕೇಳಿದವರು ಮದುವೆಯ ವಾಲಗದವನು ಎಂದುಕೊಳ್ಳುತ್ತಾರೆ. ಕೊಡಗಿನಲ್ಲಿ ವಾಲಗಕ್ಕಿರುವ ಮರ್ಯಾದೆ ನಮ್ಮ ಬ್ಯಾಂಡಿಗೆ ಯಾವ ಕಾಲಕ್ಕೂ ಸಿಕ್ಕಿದ್ದಿಲ್ಲ. ಹಾಗಾಗಿ ನಾನೂ ತಿದ್ದಲು ಹೋಗುವುದಿಲ್ಲ.

ನಮ್ಮದು ಮೆಟಲ್ ಬ್ಯಾಂಡ್, ರಾಕ್ ಸಂಗೀತದಲ್ಲೇ ಎಲ್ಲಕ್ಕಿಂತ ಜೋರಿನದ್ದು. ಅಂಗಡಿಯ ಹಿಂದಿನ ಗೋಡೌನಿನಲ್ಲಿ ಹಳೆ ಎಂಜಿನ್ನುಗಳ ನಡುವೆ ಜಾಗ ಮಾಡಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದೆವು. ನಾವು ಶುರು ಮಾಡಿದರೆ ಪಕ್ಕದ ಬೇಕರಿಯಲ್ಲಿ ಬಿಸ್ಕತ್ತಿನ ಬರಣಿಗಳು ಗಿಣಿಗಿಣಿ ಅನ್ನುತ್ತಿದ್ದವು. ಗಿಟಾರ್ ಬಾರಿಸುತ್ತ ಹಾಡುತ್ತಿದ್ದವನು ನನ್ನ ಗೆಳೆಯ. ಹಾಡು ಎಂದರೆ ನೀವು ಅಂದುಕೊಳ್ಳುವ ಹಾಡಲ್ಲ, ಹೊಟ್ಟೆಯ ತಳದಿಂದ ಹೊರಡಿಸುವ ಘರ್ಜನೆ. ಅವನು ಮಡಿಕೇರಿಯ ಅರ್ಚಕರೊಬ್ಬರ ಎರಡನೆಯ ಮಗ. ಚಿಕ್ಕಂದಿನಲ್ಲಿ ಅಪ್ಪನ ಎದುರು ಕೂತು ಮಂತ್ರ ಹೇಳಿ ಹೇಳಿ ಉಸಿರು ಹಿಡಿಯುವುದನ್ನು ಕಲಿತಿದ್ದ. ಆ ಉಸಿರನ್ನು ಈ ಕೆಲಸಕ್ಕೆ ಹಚ್ಚಿದ್ದು ಕಂಡು ಅವರಪ್ಪ ಮೊದಮೊದಲು ದೇವರ ಮೇಲೆ ಭಾರ ಹಾಕಿದರು. ಬರಬರುತ್ತ ಅವರಿಗೂ ಅಭ್ಯಾಸವಾಯಿತು.

ಅವನ ಅಣ್ಣ ಪೂಜೆಗೆ ನಿಂತ. ಇವನು ಮಾದಾಪುರದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆದ. ಆಳುಗಳ ಹಾಜರಿ ಹಾಕಿ, ಯಾರಿಗೆ ಯಾವ ಕೆಲಸ ಎಂದು ಹಂಚುವವರನ್ನು ಇಲ್ಲಿ ರೈಟರ್ ಎನ್ನುತ್ತಾರೆ. ಬೆಳಿಗ್ಗೆ ಲೈನಿನ, ಅಂದರೆ ಆಳುಗಳ ಸಾಲುಮನೆಯ, ಹೆಂಗಸರ ಹತ್ತಿರ ಅಷ್ಟು ಮೆಲ್ಲಗೆ ಮಾತಾಡುವ ಮನುಷ್ಯ ಶನಿವಾರ ಸ್ಟೇಜಿನ ಮೇಲೆ ಹಾಗೆ ಕೂಗುತ್ತಾನೆ ಎಂದರೆ ಎಸ್ಟೇಟಿನಲ್ಲಿ ಯಾರೂ ನಂಬುತ್ತಿರಲಿಲ್ಲ. ನನಗೆ ಅವನ ಮೇಲೆ ಬಹಳ ಮೆಚ್ಚುಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಬಾಯಲ್ಲಿ ಮೆಚ್ಚುಗೆಯೂ ಬೈಗುಳದ ಹಾಗೆಯೇ ಬರುತ್ತದೆ ಎಂದು ಹೆಂಡತಿ ಹೇಳುತ್ತಿರುತ್ತಾಳೆ.

ಮೈಸೂರಿನಲ್ಲಿ ಒಂದು ಕಾರ್ಯಕ್ರಮ ಕೊಟ್ಟು ಬಂದ ಮಾರನೆಯ ದಿನ ಅವನ ಕಿವಿಯಲ್ಲಿ ಕುಯ್ಯೋ ಎನ್ನುವ ಸದ್ದು ನಿಲ್ಲಲಿಲ್ಲ. ಜೋರು ಸಂಗೀತ ಬಾರಿಸುವವರಿಗೆಲ್ಲ ಅದು ಒಂದು ರಾತ್ರಿ ಇರುತ್ತದೆ, ಬೆಳಗಾದರೆ ಹೋಗುತ್ತದೆ. ಇವನದ್ದು ಹೋಗಲಿಲ್ಲ. ಡಾಕ್ಟರು ನೋಡಿ, ಇದಕ್ಕೆ ಮದ್ದಿಲ್ಲ, ಇದರ ಜೊತೆಗೇ ಬದುಕಬೇಕು, ಇನ್ನು ಸ್ಪೀಕರ್ ಮುಂದೆ ನಿಂತರೆ ಸ್ವರಗಳೇ ಒಡೆದು ಕೇಳಿಸುವ ದಿನ ಬರಬಹುದು ಎಂದರಂತೆ. ಅವನು ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು ಹೇಳಿದ.

"ಇನ್ನು ಸ್ಟೇಜ್ ಆಗ್ಲಿಕ್ಕಿಲ್ಲ ಮಾರಾಯ. ನೀವು ಬೇರೆ ಯಾರನ್ನಾದ್ರೂ ನೋಡಿಕೊಳ್ಳಿ."

"ಕಿವಿಗೆ ಹತ್ತಿ ಇಟ್ಕಂಡ್ರೆ ಆಗಲ್ವೇನ್ಲಾ?" ಎಂದೆ. ಅವನು ನಕ್ಕು ಎದ್ದು ಹೋದ.

ಬೇರೆ ಯಾರನ್ನಾದರೂ ನೋಡಿಕೊಳ್ಳುವುದು ಎಂದರೇನು, ಅದೇನು ಬಾಡಿಗೆ ಮನೆಯೇ? ಆದರೂ ಕುಶಾಲನಗರದಿಂದ ಒಬ್ಬನನ್ನು ಕರೆತಂದೆವು. ಅವನು ಕೂಗಿದರೆ ಬಸ್ಸಿನಲ್ಲಿ ಸೀಟಿಗೆ ಜಗಳವಾಡಿದ ಹಾಗಿತ್ತು. ನಮ್ಮ ಜೊತೆ ಬಾಸ್ ಗಿಟಾರ್ ಬಾರಿಸುತ್ತಿದ್ದವನಿಗೂ ಉತ್ಸಾಹ ಇಳಿಯಿತು. ನಾನು ಡ್ರಮ್ ಮೇಲೆ ಗೋಣಿತಾಟು ಹೊದೆಸಿ ಇಟ್ಟೆ. ಬ್ಯಾಂಡ್ ಹೋದದ್ದಕ್ಕಿಂತ ಹೆಚ್ಚಾಗಿ, ಇನ್ನು ಅವನೂ ನಾನೂ ಸಂತೆಯಲ್ಲಿ ಸಿಕ್ಕಿದಾಗ ಚೆನ್ನಾಗಿದ್ದೀಯಾ ಎಂದು ಕೇಳಿಕೊಳ್ಳುವ ಮಟ್ಟಕ್ಕೆ ಬರುತ್ತೇವೇನೋ ಎಂದು ಹೆದರಿಕೆಯಾಗುತ್ತಿತ್ತು.

ಒಂದು ದಿನ ಫೋನಿಗೆ ಒಂದು ಆಡಿಯೋ ಕಳಿಸಿದ. ಕೆಳಗೆ "ಕೇಳು" ಎಂದಷ್ಟೇ ಇತ್ತು. ಅವನ ಎಸ್ಟೇಟಿನ ಬಂಗಲೆಯ ಹಾಲಿನಲ್ಲಿ ಇಂಗ್ಲಿಷರ ಕಾಲದ ಒಂದು ಪಿಯಾನೋ ಇದೆ ಎಂದು ಗೊತ್ತಿತ್ತು. ಗೋಡೆಗೆ ಒರಗಿಸಿ ಇಡುವಂಥದ್ದು, ಬೀರುವಿನ ಹಾಗೆ. ಮಾಲೀಕರು ಮೈಸೂರಿನಲ್ಲಿರುತ್ತಾರೆ, ಬಂಗಲೆಯಲ್ಲೇ ಇದ್ದುಕೋ, ಬಾರಿಸುವುದಾದರೆ ಬಾರಿಸಿಕೊಳ್ಳಪ್ಪ ಎಂದು ಇವನಿಗೆ ಹೇಳಿದ್ದರು. ಇವನಿಗೆ ಶಾಲೆಯಲ್ಲಿ ಸಿಸ್ಟರ್ ಒಬ್ಬರು ಕೀಬೋರ್ಡ್ ಕಲಿಸಿದ್ದು ಮರೆತಿರಲಿಲ್ಲ. ನಾನು ಅಂಗಡಿಯಲ್ಲೇ ಕೂತು ಆಡಿಯೋ ಹಾಕಿದೆ. ಏನೂ ಕೇಳಲಿಲ್ಲ. ನೆಟ್‌ವರ್ಕ್ ಇಲ್ಲವೇನೋ ಎಂದು ಫೋನ್ ಹಿಡಿದುಕೊಂಡು ರಸ್ತೆಗೆ ಬಂದೆ. ಆಗ ಪಿಯಾನೋದ ಒಂದೇ ಒಂದು ಸ್ವರ ಬಂತು. ಆಮೇಲೆ ಮತ್ತೆ ಏನೂ ಇಲ್ಲ. ಒಂದು ಲಾರಿ ಹೋಯಿತು. ಇನ್ನೊಂದು ಸ್ವರ ಬಂತು.

ಹೀಗೇ ಮುಗಿಯಿತು. ಡ್ರಮ್ ಇಲ್ಲ, ಗಿಟಾರ್ ಇಲ್ಲ, ಬಾಯೂ ಇಲ್ಲ. ಉಪ್ಪಿಲ್ಲದ ಸಾರು ಬಡಿಸಿ ಹೇಗಿದೆ ಎಂದು ಕೇಳಿದರೆ ಏನು ಹೇಳುವುದು? ಫೋನ್ ಮಾಡಿದೆ.

"ಏನ್ಲಾ ಇದು, ಶುರುವಾಗೋಕ್ ಮುಂಚೆನೇ ಮುಗುದೋಯ್ತು?"

"ಇದಕ್ಕೆ ಆಂಬಿಯೆಂಟ್ ಅಂತಾರೆ. ಎದುರು ಕೂತು ಕೇಳ್ಬೇಡ. ಕೆಲಸ ಮಾಡ್ತಾ ಕೇಳು."

ಕಾರ್ಬೊರೇಟರ್ ಒಂದನ್ನು ಬಿಚ್ಚಿ ತೊಳೆಯುತ್ತ ಮತ್ತೆ ಹಾಕಿದೆ. ಈ ಸಲ ಅಡಿಯಲ್ಲಿ ಏನೋ ಟಿಕ್ ಎಂದಿತು. ಬಹಳ ಹೊತ್ತಿನ ಮೇಲೆ ಮತ್ತೆ ಟಿಕ್. ಕಾಫಿ ಹೂವಿಗೆ ನೀರು ಹೊಡೆಯುವ ಸ್ಪ್ರಿಂಕ್ಲರ್! ಅದು ತಿರುಗುವ ಸದ್ದನ್ನು ಹಿಡಿದು, ನಿಧಾನ ಮಾಡಿ ಇಟ್ಟಿದ್ದ. ಅದರ ಹಿಂದೆ ಇನ್ನೊಂದು ಸದ್ದಿತ್ತು, ಯಾರೋ ನಿದ್ದೆಯಲ್ಲಿ ಉಸಿರಾಡಿದ ಹಾಗೆ. ಅದು ಕಣದಲ್ಲಿ ಹರಡಿದ ಕಾಫಿಯನ್ನು ಹೆಂಗಸರು ಕೆದಕುವ ಸದ್ದು ಎಂದು ಅವನೇ ಆಮೇಲೆ ಹೇಳಿದ. ಇವೆರಡರ ನಡುವೆ ಪಿಯಾನೋದ ಸ್ವರಗಳು ಒಂದೊಂದಾಗಿ ಬಿದ್ದು, ಪೂರ್ತಿ ಆರಿಹೋದ ಮೇಲೆ ಮಾತ್ರ ಮುಂದಿನದು ಬರುತ್ತಿತ್ತು. ಕೇಳುತ್ತ ಕೇಳುತ್ತ ನನ್ನ ಕೈ ತನ್ನಷ್ಟಕ್ಕೆ ಮೆಲ್ಲಗಾಗಿತ್ತು. ಬ್ರಷ್ಷನ್ನು ತಟ್ಟೆಗೆ ಸದ್ದಾಗದ ಹಾಗೆ ಇಡುತ್ತಿದ್ದೆ.

ಮೆಟಲ್ ಬಾರಿಸಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಎಲ್ಲರೂ ಸೇರಿ ಜೋರಾಗಿ ಬೀಳುವ ಮುಂಚೆ ಒಂದು ಕ್ಷಣ ಎಲ್ಲವೂ ನಿಲ್ಲಬೇಕು. ಕೇಳುವವರು ಮೈ ಬಿಗಿ ಹಿಡಿಯುವುದು ಆ ನಿಂತ ಜಾಗದಲ್ಲಿ. ಅದನ್ನು ನನ್ನ ಗೆಳೆಯನಷ್ಟು ಚೆನ್ನಾಗಿ ಹಿಡಿಯುವವನನ್ನು ನಾನು ಕಂಡಿಲ್ಲ. ಗಿಟಾರಿನ ತಂತಿಯ ಮೇಲೆ ಅಂಗೈ ಇಟ್ಟು, ಕಣ್ಣಲ್ಲೇ ನನ್ನನ್ನು ತಡೆದು ನಿಲ್ಲಿಸುತ್ತಿದ್ದ. ಈಗ ಆ ಒಂದು ಕ್ಷಣವನ್ನೇ ಹಿಗ್ಗಿಸಿ ಇಡೀ ಸಂಗೀತ ಮಾಡಿದ್ದ. ಇವನು ಮೆಟಲ್ ಬಿಟ್ಟಿಲ್ಲ, ಅದರ ಒಳಗೇ ಹೋಗಿ ಕೂತಿದ್ದಾನೆ ಎಂದು ನನಗೆ ಅನ್ನಿಸಿತು. ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು.

ಆಮೇಲೆ ಆಗಾಗ ಕಳಿಸುತ್ತಿದ್ದ, ನಾನು ಕೇಳಿ ಬೈಯುತ್ತಿದ್ದೆ. ಮಳೆಗಾಲ ಹಿಡಿದ ಮೇಲೆ ಕಳಿಸುವುದು ನಿಂತುಹೋಯಿತು. ಒಂದು ಬೆಳಿಗ್ಗೆ ಅವನ ಅಮ್ಮ ಫೋನ್ ಮಾಡಿದರು. ಮಗ ಮಳೆಗಾಲದಲ್ಲಿ ಒಬ್ಬನೇ ಇರುತ್ತಾನೆಂದು ಮಡಿಕೇರಿಯಿಂದ ಬಂದು ಅವನ ಜೊತೆ ಇದ್ದರು.

"ಮಗಾ, ನೀನೊಮ್ಮೆ ಬಂದು ಹೋಗು. ಇವ ಪಿಯಾನೋದ ಹತ್ತಿರ ಹೋಗುವುದೇ ಬಿಟ್ಟಿದ್ದಾನೆ. ಊಟವೂ ಸರಿ ಇಲ್ಲ. ಕೇಳಿದ್ರೆ ಎಂತದೂ ಇಲ್ಲ ಅಂತಾನೆ."

ಅಂಗಡಿಯ ಬಾಗಿಲು ಹಾಕಿ ಹೊರಟೆ. ಮಾದಾಪುರದಲ್ಲಿ ಬಸ್ಸಿಳಿದು, ಎಸ್ಟೇಟಿನ ಜೀಪು ಸಿಕ್ಕಿ, ಬಂಗಲೆ ಮುಟ್ಟುವಾಗ ಮಧ್ಯಾಹ್ನ. ಅಮ್ಮ ಬಾಗಿಲಲ್ಲೇ ಟವೆಲ್ ಕೊಟ್ಟು, ಬಿಸಿ ಪತ್ರೊಡೆ ಮುಂದಿಟ್ಟರು. ಅವನು ಹಾಲಿನಲ್ಲಿ ಪಿಯಾನೋಗೆ ಬೆನ್ನು ಹಾಕಿ ಕೂತಿದ್ದ. ನನ್ನ ತಟ್ಟೆ ಖಾಲಿಯಾದ ಮೇಲೆ ಹೇಳಿದ.

"ಮುಗೀತು ಮಾರಾಯ. ಮೊದಲು ಕುಯ್ಯೋ ಅಂತ ಮಾತ್ರ ಇತ್ತು. ಅದರ ನಡುವೆ ಹೇಗೋ ಬಾರಿಸ್ತಿದ್ದೆ. ಈಗ ಸ್ವರವೇ ಒಡೆದು ಕೇಳ್ತದೆ. ಡಾಕ್ಟ್ರು ಹೇಳಿದ ಹಾಗೇ ಆಯ್ತು. ಇನ್ನು ಇದೂ ಬೇಡ. ಗಿಟಾರ್ ನೀನು ತಗೊಂಡು ಹೋಗು, ಇಲ್ಲಿ ಥಂಡಿಗೆ ಹಾಳಾಗ್ತದೆ."

ಇವನು ಗಿಟಾರ್ ಕೊಟ್ಟ ಎಂದರೆ ಅಲ್ಲಿಗೆ ಎಲ್ಲ ಮುಗಿಯಿತು. ನನಗೆ ಸಮಾಧಾನದ ಮಾತು ಬರುವುದಿಲ್ಲ, ಸಿಟ್ಟು ಬರುತ್ತದೆ.

"ಗಿಟಾರ್ ತಗಂಡೋಗಿ ನಾನೇನ್ ಒಲೆಗಿಕ್ಲಾ? ಕೂತ್ಕಳ್ಲಾ ಅಲ್ಲಿ. ಎಲ್ಲಿ ಒಡೀತದೆ ತೋರ್ಸು."

ಕೂತ. ಮನಸ್ಸಿಲ್ಲದೆ ಒಂದು ಕಡೆಯಿಂದ ಒಂದೊಂದೇ ಕೀ ಒತ್ತುತ್ತ ಬಂದ. ಮಧ್ಯಕ್ಕೆ ಬಂದಾಗ ಒಂದು ಸ್ವರ ಜರ್ ಎಂದಿತು. ಅದರ ಪಕ್ಕದ್ದೂ ಜರ್ ಎಂದಿತು.

"ತಡಿ, ತಡಿ. ಅದನ್ನ ಇನ್ನೊಂದ್ ಸಲ ಹೊಡಿ. ಇದ್ಯಾಕೆ ಹಿಂಗೆ ಜರ್ ಅಂತೈತೆ?"

ಅವನ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದ. "ಎಂತ ಹೇಳಿದಿ?"

"ಜರ್ ಅಂತೈತೆ ಅಂದೆ. ಸೈಲೆನ್ಸರ್ ಬೋಲ್ಟ್ ಲೂಸಾದಂಗೆ."

"ನಿಂಗೂ ಕೇಳ್ತದಾ?"

"ನಂಗೇನ್ ಕಿವಿ ಇಲ್ವೇನ್ಲಾ?"

ಅವನು ಎದ್ದು ನಿಂತ. "ಅಮ್ಮಾ," ಎಂದು ಕೂಗಿದ ಕೂಗಿಗೆ ಅವರು ಸೌಟು ಹಿಡಿದುಕೊಂಡೇ ಓಡಿ ಬಂದರು. ಮತ್ತೆ ಅದೇ ಕೀ ಒತ್ತಿದ. "ಇದು ಜರ್ ಅಂತ ಕೇಳ್ತದಾ ನಿಂಗೆ?"

"ಕೇಳ್ತದೆ. ಸುಮಾರು ದಿನ ಆಯ್ತಲ್ಲ. ಅದು ಇರುವುದೇ ಹಾಗೆ ಅಂದುಕೊಂಡೆ."

ಇಷ್ಟು ದಿನ ಅವನು ಯಾರನ್ನೂ ಕೇಳಿರಲಿಲ್ಲ. ಕೇಳಿದಾಗ ಅವರು, ಇಲ್ಲ, ನಮಗೆ ಸರಿಯಾಗೇ ಕೇಳಿಸುತ್ತದೆ ಎಂದುಬಿಟ್ಟರೆ ಎಂಬ ಹೆದರಿಕೆ. ಪಿಯಾನೋದ ರೋಗವನ್ನು ತನ್ನ ಕಿವಿಯದ್ದೆಂದುಕೊಂಡು ಒಳಗೊಳಗೇ ಬೆಂದಿದ್ದ.

ಇಬ್ಬರೂ ಸೇರಿ ಪಿಯಾನೋವನ್ನು ಗೋಡೆಯಿಂದ ಈಚೆಗೆ ಎಳೆದೆವು. ಹಿಂದೆ ನೆಲದ ಮೇಲೆ ಬೂದಿ ಬಿದ್ದಿತ್ತು, ಮಡಕೆ ಇಟ್ಟ ದುಂಡನೆಯ ಗುರುತಿತ್ತು, ಸಾಂಬ್ರಾಣಿಯ ವಾಸನೆ ಬರುತ್ತಿತ್ತು. ಪಿಯಾನೋದ ಸ್ವರವೆಲ್ಲ ಹೊರಡುವುದು ತಂತಿಗಳ ಹಿಂದಿರುವ ದೊಡ್ಡ ಹಲಗೆಯಿಂದ. ಅದು ಮೊಳದುದ್ದ ಬಿರುಕು ಬಿಟ್ಟಿತ್ತು. ನಾವಿಬ್ಬರೂ ಒಟ್ಟಿಗೇ ಅಮ್ಮನ ಕಡೆ ತಿರುಗಿದೆವು.

"ಥಂಡಿಗೆ ಒತ್ತಿದ ಕೀಲಿ ಮೇಲೆ ಏಳುವುದಿಲ್ಲ ಅಂತ ನೀನೇ ಬೈತಿದ್ದಿಯಲ್ಲ," ಎಂದರು ಅವರು. "ನೀನು ಕೆಲಸಕ್ಕೆ ಹೋದ ಮೇಲೆ ಕೆಂಡ ಹಾಕಿ ಇಟ್ಟೆ. ಚೂರು ಸಾಂಬ್ರಾಣಿಯೂ ಹಾಕಿದ್ದೆ. ಬರುವುದರೊಳಗೆ ತೆಗೀತಿದ್ದೆ. ಕೀಲಿ ಎಲ್ಲ ಎದ್ದಿತಲ್ಲ ಮತ್ತೆ?"

ಎದ್ದಿದ್ದು ನಿಜ. ನಮ್ಮಲ್ಲಿ ಮಳೆಗಾಲದಲ್ಲಿ ಏನು ಒದ್ದೆಯಾದರೂ ಮದ್ದು ಒಂದೇ. ಮಡಕೆಗೆ ಕೆಂಡ ತುಂಬಿ, ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಒಣಹಾಕುವುದು. ಮಕ್ಕಳ ಯೂನಿಫಾರಂ ಆಗಲಿ, ಬಾಣಂತಿಯ ಬಟ್ಟೆಯಾಗಲಿ, ಕಂಬಳಿಯಾಗಲಿ, ಕೆಂಡದ ಮೇಲೆ ಒಣಗದ್ದು ಯಾವುದೂ ಇಲ್ಲ. ಪಿಯಾನೋವನ್ನು ಎತ್ತಿ ಬುಟ್ಟಿಯ ಮೇಲೆ ಇಡಲಾಗದ್ದಕ್ಕೆ ಅಮ್ಮ ಕೆಂಡವನ್ನೇ ಅದರ ಬೆನ್ನಿಗೆ ಇಟ್ಟಿದ್ದರು.

ಅವನು ಬಿರುಕಿನ ಮೇಲೆ ಬೆರಳಾಡಿಸಿದ. ಬೈಯುತ್ತಾನೇನೋ ಎಂದು ನಾನು ಕಾದೆ. ಅವನಿಗೆ ನಗು ಬಂತು. ನಗುತ್ತ ನಗುತ್ತ ನೆಲದ ಮೇಲೆ ಬೂದಿಯಲ್ಲೇ ಕೂತು ಅತ್ತ. ಅಮ್ಮ ಗಾಬರಿಯಾಗಿ, "ಹಾಳಾಯ್ತಾ ಮಗಾ? ನಾನು ಹಾಳು ಮಾಡಿದ್ನಾ?" ಎಂದು ತಾವೂ ಅಳಲು ಶುರು ಮಾಡಿದರು. ಅವನು ಅವರ ಸೌಟು ಹಿಡಿದ ಕೈಯನ್ನೇ ಕೆನ್ನೆಗೆ ಒತ್ತಿಕೊಂಡ. "ಇಲ್ಲಮ್ಮ. ಕಿವಿ ಹಾಳಾಗಿಲ್ಲ. ಪಿಯಾನೋ ಮಾತ್ರ ಹಾಳಾದ್ದು," ಎಂದ. ನಾನು ಜಗಲಿಗೆ ಹೋಗಿ ಮಳೆ ನೋಡುತ್ತ ನಿಂತೆ. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಅದನ್ನು ಅವರಿಗೆ ತೋರಿಸುವ ಮನಸ್ಸಿರಲಿಲ್ಲ.

ವಿಷಯ ತಿಳಿದ ಮಾಲೀಕರು ಫೋನಿನಲ್ಲಿ ನಕ್ಕು, ಮೈಸೂರಿನಿಂದ ಒಬ್ಬ ಪಿಯಾನೋ ರಿಪೇರಿಯವರನ್ನು ಕಳಿಸಿದರು. ಅವರು ಬಿರುಕಿಗೆ ಪಟ್ಟಿ ಹಾಕಿ ಬಿಗಿ ಮಾಡುತ್ತೇನೆ, ಜರ್ ಅನ್ನುವುದು ನಿಲ್ಲುತ್ತದೆ ಎಂದರು. ಗೆಳೆಯ ಬಿರುಕು ದೊಡ್ಡದಾಗದ ಹಾಗಷ್ಟೇ ಮಾಡಿ, ಆ ಎರಡು ಸ್ವರ ಇದ್ದ ಹಾಗೇ ಇರಲಿ ಎಂದ. ನನಗೆ ರೇಗಿತು. ಮೆಷಿನ್ನು ಕೆಟ್ಟದ್ದನ್ನು ಕೆಟ್ಟ ಹಾಗೇ ಬಿಡಿ ಎನ್ನುವ ಗಿರಾಕಿ ನನಗೆ ಇದುವರೆಗೆ ಸಿಕ್ಕಿಲ್ಲ. ಯಾಕೆ ಎಂದು ಕೇಳಿದೆ.

"ಉಳಿದ ಸ್ವರ ಎಷ್ಟು ಹೊರಗಿನದು, ಎಷ್ಟು ನನ್ನ ತಲೆಯೊಳಗಿನದು ಅಂತ ನಂಗೆ ಗೊತ್ತಾಗುವುದಿಲ್ಲ ಮಾರಾಯ. ಇವೆರಡು ಮಾತ್ರ ಹೊರಗಿನದ್ದೇ ಅಂತ ಗ್ಯಾರಂಟಿ ಉಂಟು. ನೀವೆಲ್ಲ ಕೇಳಿ ಹೇಳಿದ್ದೀರಲ್ಲ."

ರಿಪೇರಿಯವರು ಪಟ್ಟಿ ಹಾಕುವಾಗ ನಾನೇ ಟಾರ್ಚ್ ಹಿಡಿದೆ.

ಅವನ ಸಂಗೀತದ ಜೀವ ಇರುವುದೇ ಕಾಯುವುದರಲ್ಲಿ. ಒಂದು ಸ್ವರ ಪೂರ್ತಿ ಆರುವ ತನಕ ಮುಂದಿನದನ್ನು ಮುಟ್ಟಬಾರದು. ಆದರೆ ಅವನ ಕಿವಿಯಲ್ಲಿ ಯಾವಾಗಲೂ ಸದ್ದು ಇರುವುದರಿಂದ ಸ್ವರ ಆರಿದ್ದು ಅವನಿಗೆ ತಿಳಿಯುತ್ತಿರಲಿಲ್ಲ. ರೆಕಾರ್ಡ್ ಮಾಡಿದ್ದನ್ನು ಕಂಪ್ಯೂಟರಿನ ಪರದೆಯ ಮೇಲೆ ಗೆರೆ ನೋಡಿ ಸರಿಪಡಿಸಿಕೊಳ್ಳುತ್ತಿದ್ದನಂತೆ. ಜನರ ಎದುರು ಕೂತು ಬಾರಿಸಬೇಕೆಂಬ ಆಸೆ ಬಹಳ ಇತ್ತು, ಧೈರ್ಯ ಇರಲಿಲ್ಲ. ಅದನ್ನು ನನಗೆ ಹೇಳಿದ್ದು ಆ ಮಳೆಯ ದಿನಗಳಲ್ಲಿ.

"ನೀನು ಪಕ್ಕದಲ್ಲಿ ಕೂರ್ತೀಯಾ? ಸ್ವರ ನಿಂತ ಕೂಡಲೇ ಭುಜ ಮುಟ್ಟು. ಅಷ್ಟೇ."

"ಡ್ರಮ್ಮರ್ ಕೆಲಸ ಇದೇನ್ಲಾ?"

"ಟೈಮ್ ಹಿಡಿಯುವ ಕೆಲಸ ನಿಂದೇ ಅಲ್ವಾ ಯಾವಾಗ್ಲೂ?"

ಸರಿ, ಅಂಗಡಿಗೆ ರಜೆ ಇದ್ದಾಗಲೆಲ್ಲ ಮಾದಾಪುರದ ಬಸ್ಸು ಹತ್ತಿದೆ. ಸುಲಭವೆಂದುಕೊಂಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಮೊದಲ ದಿನ ಮಳೆಯನ್ನು ಬೈದೆ, ಕಪ್ಪೆಗಳನ್ನು ಬೈದೆ, ಅಡುಗೆಮನೆಯ ಕುಕ್ಕರನ್ನು ಬೈದೆ. ಒಂದು ಸ್ವರ ಎಷ್ಟು ಹೊತ್ತು ಬದುಕುತ್ತದೆ ಎಂದು ಡ್ರಮ್ ಹೊಡೆಯುವವನಿಗೆ ಗೊತ್ತಿರುವುದಿಲ್ಲ. ಅವನು ಆಗಲೇ ಮುಂದಿನ ಏಟಿಗೆ ಕೈ ಎತ್ತಿರುತ್ತಾನೆ. ಮಂದ್ರದ ಸ್ವರ ಹೋಯಿತು ಎಂದುಕೊಂಡು ಭುಜ ಮುಟ್ಟಿದರೆ ಅದು ಹಲಗೆಯಲ್ಲಿ ಇನ್ನೂ ಇರುತ್ತಿತ್ತು. ಅವನಿಗೆ ಕೇಳಿಸದಿದ್ದರೂ ನನ್ನ ಮುಖ ನೋಡಿ ಗೊತ್ತಾಗುತ್ತಿತ್ತು. ಬೇಸರಪಡದೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಸ್ಟೇಜಿನ ಮೇಲೆ ಅಷ್ಟು ಕೂಗಾಡಿದ ಮನುಷ್ಯನಲ್ಲಿ ಇಷ್ಟು ತಾಳ್ಮೆ ಎಲ್ಲಿತ್ತೋ! ಸ್ವರ ಕಡಿಯದ ಹಾಗೆ ಪೆಡಲನ್ನು ಕಾಲಲ್ಲಿ ಒತ್ತಿ ಹಿಡಿದು, ಕೈ ಮಡಿಲಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ತನಗೆ ಕೇಳಿಸದ ಒಂದು ಕೊನೆಗಾಗಿ ಕಾಯುತ್ತಿದ್ದ. ಅವನ ಎಷ್ಟೋ ದೊಡ್ಡ ಕಾರ್ಯಕ್ರಮಗಳಲ್ಲಿ ಹಿಂದೆ ಕೂತು ಬಾರಿಸಿದ್ದೇನೆ. ಈ ಕೂರುವುದರ ಮುಂದೆ ಅದೆಲ್ಲ ಸಣ್ಣದೆನಿಸಿತು.

ಮಳೆ ಸ್ವಲ್ಪ ಹೊಳವಾದ ಒಂದು ಭಾನುವಾರ, ಸುಂಟಿಕೊಪ್ಪದ ಸಂತೆಗೆ ಹೋದವರು ವಾಪಸು ಬಂದ ಮೇಲೆ, ಸಂಜೆ ಬಂಗಲೆಯ ಹಾಲಿನಲ್ಲೇ ಬಾರಿಸುವುದು ಎಂದಾಯಿತು. ಇದು ಕೆಟ್ಟರೆ ಇನ್ನು ಪಿಯಾನೋದ ಮುಚ್ಚಳ ತೆಗೆಯುವುದಿಲ್ಲ ಎಂದು ಹಿಂದಿನ ದಿನ ಹೇಳಿದ್ದ. ಹಾಗೆ ಹೇಳಿದ್ದನ್ನು ಮಾಡುವ ಜಾತಿಯವನೇ ಅವನು.

ಲೈನಿನಿಂದ ಹೆಂಗಸರು ಸಂತೆಯ ಚೀಲ ಹಿಡಿದುಕೊಂಡೇ ಬಂದು ಚಾಪೆಯ ಮೇಲೆ ಕೂತರು. ಮಡಿಕೇರಿಯಿಂದ ಅವರಪ್ಪ, ಅಣ್ಣ ಬಂದರು. ನಮ್ಮ ಬ್ಯಾಂಡಿನ ಹಳೆ ಅಭಿಮಾನಿಗಳಿಬ್ಬರು ತಲೆಬುರುಡೆ ಚಿತ್ರದ ಕರಿ ಟೀ ಶರ್ಟ್ ತೊಟ್ಟು ಬಂದಿದ್ದರು. ಅಮ್ಮ ಅವರಿಗೂ ಕಾಫಿ ಕೊಟ್ಟು, ತಲೆಬುರುಡೆಯನ್ನು ನೋಡಿಯೂ ನೋಡದ ಹಾಗೆ ಹೋದರು. ಸಣ್ಣ ಸ್ಪೀಕರಿನಲ್ಲಿ ಕಣದ ಸದ್ದು ಶುರುವಾಯಿತು. ಚಾಪೆಯ ಮೇಲಿದ್ದ ಒಬ್ಬಾಕೆ ಗುರುತು ಹಿಡಿದು ಪಕ್ಕದವಳನ್ನು ತಿವಿದಳು. ಅವನು ಮೊದಲ ಸ್ವರ ಬಾರಿಸಿದ. ನಾನು ಕಾದೆ. ಭುಜ ಮುಟ್ಟಿದೆ. ಅವನು ಎರಡನೆಯದನ್ನು ಬಾರಿಸಿದ.

ಹೇಗಿತ್ತೆಂದು ನಾನು ಹೇಳಲಾರೆ, ಯಾಕೆಂದರೆ ನಾನು ಸಂಗೀತ ಕೇಳಲಿಲ್ಲ, ಅದು ಮುಗಿಯುವುದನ್ನೇ ಕೇಳಿದೆ. ಸ್ವರ ಸಣ್ಣದಾಗುತ್ತ ಹೋದಂತೆ ಹಾಲಿನಲ್ಲಿ ಕೂತವರೂ ಅದರ ಹಿಂದೆ ಹೋಗುತ್ತಿದ್ದರು. ಕರಿ ಟೀ ಶರ್ಟಿನವರ ಬಾಯಿ ತೆರೆದೇ ಇತ್ತು. ಅವರಪ್ಪ ಜಪಕ್ಕೆ ಕೂತವರ ಹಾಗೆ ಕಣ್ಣು ಮುಚ್ಚಿದ್ದರು. ಒಂದು ಕಡೆಯೂ ನನ್ನ ಕೈ ತಪ್ಪಲಿಲ್ಲ.

ಕೊನೆಗೆ ಸ್ಪೀಕರ್ ಸುಮ್ಮನಾಯಿತು. ಬಿರುಕಿನ ಸ್ವರ ಎರಡನ್ನೂ ಅವನು ಒಟ್ಟಿಗೆ ಒತ್ತಿ ಹಿಡಿದ. ಜರ್ ಎಂದು ತುಂಬಿಕೊಂಡದ್ದು ಬಹಳ ಹೊತ್ತು ನಿಂತಿತು, ತೆಳ್ಳಗಾಯಿತು, ಹೋಯಿತು. ನಾನು ಭುಜ ಮುಟ್ಟಿದೆ. ಅವನು ಕೀ ಬಿಡಲಿಲ್ಲ. ಯಾರೂ ಅಲುಗಾಡಲಿಲ್ಲ. ನನ್ನ ಕಡೆ ಸ್ವಲ್ಪ ಬಾಗಿ ಪಿಸುಗುಟ್ಟಿದ.

"ನಿಜವಾಗಿ ನಿಂತಿತಾ?"

"ನಿಂತೋಯ್ತು ಕಣ್ಲಾ."

"ಈಗ ಹೇಗುಂಟು? ನಂಗೆ ಹೇಳು."

ಏನು ಕೇಳುತ್ತಿದ್ದಾನೆಂದು ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಇಷ್ಟು ಜನರಿಗೆ ಅವನೇ ಕೈಯಾರೆ ಮಾಡಿ ಕೊಟ್ಟ ಆ ಮೌನ ಅವನೊಬ್ಬನಿಗೆ ಸಿಕ್ಕಿರಲಿಲ್ಲ. ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

"ಪಿಕ್ಕಿಂಗ್ ಟೈಮಲ್ಲಿ ದಿನಪೂರ್ತಿ ಕಾಫಿ ಹಣ್ಣು ಸುಲಿಯೋ ಪಲ್ಪರ್ ಮೆಷಿನ್ನು ಓಡ್ತಾ ಇರ್ತದಲ್ಲ, ಕರೆಂಟ್ ಹೋಗಿ ಒಂದೇ ಸಲ ನಿಂತ್ರೆ ಹೆಂಗಾಗ್ತದೆ? ಹಂಗೈತೆ."

ಅವನು ಕಣ್ಣು ಮುಚ್ಚಿ ತಲೆಯಾಡಿಸಿದ.

"ಹಾಂ," ಎಂದ. "ನೆನಪಾಯ್ತು."